ಮಾರನೆಯ ದಿನದ ಬನ್ನು

ನನ್ನ ಬಾಯಿ ಸರಿಯಿಲ್ಲ. ಕೂಡಿಗೆ ಸರ್ಕಲ್ಲಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಬ್ರೆಡ್ಡನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿ, ಕೊನೆಗೆ ಎರಡು ಖಾರಾ ಬಿಸ್ಕತ್ತು ಸಾಕು ಎನ್ನುವವರಿಗೆ ಹೇಳಬೇಕಾದ್ದನ್ನು ಮುಖಕ್ಕೇ ಹೇಳಿ ಕಳಿಸುತ್ತೇನೆ. ಆದರೂ ಮರುದಿನ ಬರುತ್ತಾರೆ, ಯಾಕೆಂದರೆ ನಮ್ಮ ಬೇಕರಿಯ ಬನ್ನು ಮೂರು ದಿನವಾದರೂ ಮೆತ್ತಗಿರುತ್ತದೆ. ಇದೇ ಬಾಯಿಂದ ಮೂರು ವರ್ಷದ ಹಿಂದೆ, ಆಷಾಢದ ಒಂದು ಬೆಳಿಗ್ಗೆ, ಗಂಡನಿಗೂ ಒಂದು ಮಾತು ಅಂದೆ. ಅದೇನೆಂದು ಮುಂದೆ ಹೇಳುತ್ತೇನೆ. ಅದನ್ನು ಹೇಳದೆ ಇದು ಮುಗಿಯುವುದಿಲ್ಲ.

ಮಡಿಕೇರಿ, ವಿರಾಜಪೇಟೆ ಕಡೆಯವರಿಗೆ ಹುತ್ತರಿ ದೊಡ್ಡ ಹಬ್ಬ. ನಮ್ಮದು ಅರಕಲಗೂಡಿನ ಕಡೆಯಿಂದ ಬಂದು ಇಲ್ಲಿ ಹೊಲ ಮಾಡಿಕೊಂಡ ಮನೆ, ನಮಗೆ ದೊಡ್ಡದು ಮಾರ್ಲಮಿ. ಮಹಾಲಯ ಅಮಾವಾಸ್ಯೆಯ ದಿನ ಮನೆಯಲ್ಲಿ ತೀರಿಕೊಂಡವರಿಗೆ ಒಬ್ಬೊಬ್ಬರಿಗೆ ಒಂದೊಂದು ಬಾಳೆಎಲೆ ಹಾಕಿ ಎಡೆ ಇಡುತ್ತೇವೆ. ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದೆಲ್ಲ ಎಲೆಯ ಮೇಲೆ ಇರಬೇಕು. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಕ್ವಾರ್ಟರ್ ಬಾಟಲಿ, ಪಕ್ಕದಲ್ಲಿ ಹೊಸ ಬಟ್ಟೆ. ಧೂಪ ಹಾಕಿ, 'ಬನ್ನಿ, ಉಂಡು ಹೋಗಿ' ಎಂದು ಹೆಸರು ಹಿಡಿದು ಕರೆದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಕಾಲು ಗಂಟೆ ಬಿಟ್ಟು ಮಾವ ಜೋರಾಗಿ ಕೆಮ್ಮಿ ಬಾಗಿಲು ತೆಗೆಯುತ್ತಾರೆ. ಉಣ್ಣುವವರು ಎದ್ದು ಹೋಗಲಿ ಎಂದು ಆ ಕೆಮ್ಮು.

ಆಮೇಲೆ ಆ ಎಲೆಯ ಊಟವನ್ನು ಮನೆಯವರು ತಿನ್ನಬೇಕು. ಹೊರಗಿನವರಿಗೆ ಕೊಡುವಂತಿಲ್ಲ, ತಿಪ್ಪೆಗೆ ಎಸೆಯುವಂತೆಯೂ ಇಲ್ಲ. ಇನ್ನೊಂದು ನಿಯಮವೂ ಉಂಟು. ಯಾರ ಎಡೆಯೋ ಅವರಿಗಿಂತ ಕಿರಿಯರೇ ಅದನ್ನು ತಿನ್ನಬೇಕು, ಹಿರಿಯರು ಮುಟ್ಟಬಾರದು. ನಮ್ಮ ಮಾವ ತಿಮ್ಮಯ್ಯನವರಿಗೆ ಸುಬ್ಬಿ ಎಂಬ ತಂಗಿಯಿದ್ದಳಂತೆ, ಒಂಬತ್ತು ವರ್ಷಕ್ಕೆ ಜ್ವರ ಬಂದು ಹೋದಳು. ಮಾವನಿಗೆ ಈಗ ಎಪ್ಪತ್ತಾರು. ಪ್ರತಿ ವರ್ಷ ಸುಬ್ಬಿಯ ಎಲೆಗೆ ಒಂದು ಗಿಡ್ಡ ಲಂಗ, ಎರಡು ಡಜನ್ ಬಳೆ ತಂದಿಡುತ್ತಾರೆ. ಆದರೆ ಆ ಎಲೆಯ ಒಂದು ಅಗುಳನ್ನೂ ಬಾಯಿಗೆ ಹಾಕುವುದಿಲ್ಲ. ಅಣ್ಣನಾದವನು ತಂಗಿಯ ಎಡೆ ಉಣ್ಣುವುದುಂಟೇ! ಅದನ್ನು ನಾನು, ನನ್ನ ಮಗಳು ದಿವ್ಯಶ್ರೀ ತಿಂದು ಮುಗಿಸುತ್ತೇವೆ. ಮಾವನ ಅಪ್ಪನಿಗೆ, ಅಮ್ಮನಿಗೆ, ಸುಬ್ಬಿಗೆ ಒಂದೊಂದು, ಮತ್ತೆ ಹೆಸರು ಮರೆತುಹೋದ ಹಿರಿಯರಿಗೆಲ್ಲ ಸೇರಿ ಒಂದು. ನಮ್ಮ ಮನೆಯಲ್ಲಿ ಇಡುವುದು ನಾಲ್ಕು ಎಲೆ.

ನನ್ನ ಗಂಡ ದೀಪಕ್‌ಗೆ ಮಾರ್ಲಮಿಗಿಂತ ಅದರ ಮಾರನೆಯ ದಿನ ಇಷ್ಟ. ಹಾಸನದ ಒಂದು ಬೇಕರಿಯಲ್ಲಿ ಏಳು ವರ್ಷ ಕೆಲಸ ಕಲಿತು ಬಂದವನು, ಅವನಿಗೆ ಬನ್ನು ಬಿಸ್ಕತ್ತು ಕಂಡರೆ ಆಗುತ್ತಿರಲಿಲ್ಲ. 'ದಿನಾ ಮೂಗಿಗೆ ಇದೇ ವಾಸನೆ, ಬಾಯಿಗೂ ಇದೇನಾ' ಎನ್ನುತ್ತಿದ್ದ. ಆದರೆ ಹಬ್ಬದ ಮರುದಿನ ಮಾತ್ರ ಅಡುಗೆಮನೆಗೆ ನುಗ್ಗಿ, ಉಳಿದ ಕೈಮಾ ಉಂಡೆ, ತಳದ ಮಟನ್ ಸಾರು, ಸಿಹಿಗುಂಬಳದ ಪಲ್ಯ, ಕರಿದ ಒಡೆ ಎಲ್ಲವನ್ನೂ ಬಾಚಿಕೊಂಡು ಬೇಕರಿಗೆ ಹೋಗುತ್ತಿದ್ದ. ಅರ್ಧ ಶಟರ್ ಎಳೆದು, ಒಳಗೆ ಅದೇನು ಮಾಡುತ್ತಿದ್ದನೋ, ಮೂರು ಗಂಟೆಗೆ ಒಂದು ಟ್ರೇ ಬನ್ನು ಹೊತ್ತು ತರುತ್ತಿದ್ದ. ಮೇಲೆ ಎಳ್ಳು, ಒಳಗೆ ನಿನ್ನೆಯ ಹಬ್ಬ. ರಸ್ತೆಯಾಚೆಯ ಪ್ರೇಮಾವತಿ ಟೀಚರ್ ವಾಸನೆ ಹಿಡಿದು ಬಂದು, 'ಒಂದೇ ಒಂದು ಕೊಡೋ ದೀಪಕ' ಎಂದು ಬೇಡುತ್ತಿದ್ದರು. ಇವನು ಕೈಮುಗಿದು, 'ಎಡೆದು ಮೇಡಂ, ಕೊಡೋ ಹಂಗಿಲ್ಲ' ಎನ್ನುತ್ತಿದ್ದ. ಆ ಬನ್ನು ಮನೆಯವರಿಗೆ ಮಾತ್ರ, ವರ್ಷಕ್ಕೆ ಒಂದೇ ದಿನ.

ಅವನು, ಇವನು ಎನ್ನುತ್ತಿದ್ದೇನೆಂದು ತಪ್ಪು ತಿಳಿಯಬೇಡಿ. ಅತ್ತೆ ಹುಚ್ಚಮ್ಮ ನನ್ನ ಅಪ್ಪನ ಸ್ವಂತ ಅಕ್ಕ. ನಾನು ಲಂಗ ಹಾಕುವ ಕಾಲದಿಂದ ದೀಪಕನ ಜೊತೆ ಜಗಳವಾಡಿಕೊಂಡೇ ಬೆಳೆದವಳು. ಮದುವೆಯಾಯಿತೆಂದು ಬಹುವಚನ ಬಾಯಿಗೆ ಬರಲಿಲ್ಲ.

ಆ ಬೆಳಿಗ್ಗೆಯೂ ಜಗಳವೇ. ಕಕ್ಕಬೆಯ ಒಂದು ಹೋಮ್‌ಸ್ಟೇಯವರು ಮೂರು ಕೆಜಿ ಕೇಕು ಹೇಳಿದ್ದರು, ಯಾರದೋ ಮದುವೆಯ ಇಪ್ಪತ್ತೈದನೇ ವರ್ಷ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ, ಆ ಕಡೆ ರಸ್ತೆಯ ಮೇಲೆ ನೀರು ಬಂದಿದೆಯೆಂದು ಟಿವಿಯಲ್ಲಿ ಹೇಳುತ್ತಿದ್ದರು. ಫೋನು ಮಾಡಿ ಆಗಲ್ಲ ಅನ್ನು ಎಂದೆ. ಮಾತು ಕೊಟ್ಟಿದ್ದೀನಿ ಎಂದ. ಅಲ್ಲಿಗೆ ನನ್ನ ತಲೆ ಕೆಟ್ಟಿತು. 'ಮಾತಂತೆ ಮಾತು! ಹೋಗು, ಹೋದವನು ಅಲ್ಲೇ ಬಿದ್ದಿರು. ಮನೆಗೆ ಮಾತ್ರ ಬರಬೇಡ' ಎಂದೆ. ಅವನು ಕೇಕಿನ ಡಬ್ಬವನ್ನು ಓಮ್ನಿಯ ಹಿಂದಿನ ಸೀಟಿನಲ್ಲಿ ಇಟ್ಟು, ನಕ್ಕು, 'ಆಯ್ತು ಬಿಡೇ, ಬರಲ್ಲ' ಎಂದ.

ಬರಲಿಲ್ಲ.

ಓಮ್ನಿ ಸಿಕ್ಕಿತು. ಕಕ್ಕಬೆಗೆ ಇನ್ನು ಸ್ವಲ್ಪ ದೂರವಿರುವಾಗ, ಒಂದು ಸಣ್ಣ ಸೇತುವೆಯ ಈಚೆ ಬದಿಗೆ ನಿಲ್ಲಿಸಿತ್ತು. ಬಾಗಿಲು ತೆರೆದಿತ್ತು. ಹಿಂದಿನ ಸೀಟಿನಲ್ಲಿ ಕೇಕು ಇಟ್ಟ ಹಾಗೆಯೇ ಇತ್ತು, ಮೇಲಿನ ಕ್ರೀಮಿನ ಗುಲಾಬಿಯ ಒಂದು ಎಸಳೂ ಅಲ್ಲಾಡಿರಲಿಲ್ಲ. ನೀರು ಎಷ್ಟಿದೆ ನೋಡಲು ಇಳಿದಿರಬೇಕು, ಕಾಲು ಜಾರಿರಬೇಕು ಎಂದು ಪೊಲೀಸಿನವರು ಹೇಳಿದರು. ದೋಣಿ ತಂದು ಹನ್ನೊಂದು ದಿನ ಹುಡುಕಿದರು. ಅವನ ಕೊಡೆ ಒಂದು ಮೈಲಿ ಕೆಳಗೆ ಸಿಕ್ಕಿತು, ಅವನು ಸಿಗಲಿಲ್ಲ.

ಕೇಕಿಗೆ ಏನೂ ಆಗಿಲ್ಲ, ಗಾಡಿಗೆ ಏನೂ ಆಗಿಲ್ಲ, ಮನುಷ್ಯನಿಗೆ ಮಾತ್ರ ಆಯಿತು ಎಂದರೆ ನಾನು ಹೇಗೆ ನಂಬಲಿ? ಕೊಡೆ ಗಾಳಿಗೂ ಹಾರುತ್ತದೆ. ಅವನು ಕೋಪ ಮಾಡಿಕೊಂಡು ಹೋಗಿದ್ದಾನೆ ಎಂದು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಬರಬೇಡ ಎಂದಿದ್ದೆನಲ್ಲ, ಅದಕ್ಕೆ ಹಟ ಮಾಡುತ್ತಿದ್ದಾನೆ. ಹಟಮಾರಿ ಎಂದಾದರೂ ಒಂದು ದಿನ ಬರುತ್ತಾನೆ, ಸತ್ತವನು ಬರುವುದಿಲ್ಲ. ಅವನು ಸತ್ತಿದ್ದರೆ ನಾನು ಅವನಿಗೆ ಹೇಳಿದ ಕಡೆಯ ಮಾತು ಅದೇ ಆಗಿ ಉಳಿಯುತ್ತದೆ. ನಾನು ಹೆದರಿದ್ದು ಅದಕ್ಕೆ.

ಭಾಗಮಂಡಲದಲ್ಲಿ ಅಂಥ ಒಬ್ಬನನ್ನು ನೋಡಿದೆ ಎಂದು ಯಾರೋ ಹೇಳಿದರು. ಮಡಿಕೇರಿಯಿಂದ ಬಸ್ಸು ಹತ್ತಿ ಹೋಗಿ, ಅರ್ಚಕರಿಂದ ಹಿಡಿದು ಬಳೆ ಅಂಗಡಿಯವರ ತನಕ ಫೋಟೋ ತೋರಿಸಿ ಬಂದೆ. ಪಾಲಿಬೆಟ್ಟದ ಕಡೆ ಒಂದು ಎಸ್ಟೇಟಿನಲ್ಲಿ ಹೊಸಬನೊಬ್ಬ ಮಾತಾಡದೆ ಕಾಫಿ ಪಿಕಿಂಗ್ ಮಾಡುತ್ತಾನೆ ಎಂದರು. ಅಲ್ಲಿ ಲೆಕ್ಕ ಬರೆಯುವ ರೈಟರನ್ನು ಕಾಡಿ ಬೇಡಿ ಕೂಲಿಯವರ ಲೈನು ಮನೆಗಳನ್ನೆಲ್ಲ ಬಾಗಿಲು ಬಡಿದು ನೋಡಿದೆ. ಅವನು ತಮಿಳಿನವನು, ಮಾತು ಬಾರದವನು. ನನ್ನನ್ನು ನೋಡಿ ಪಾಪ ಎನಿಸಿತೋ ಏನೋ, ಕುಳಿತುಕೋ ಎಂದು ಸನ್ನೆ ಮಾಡಿ ಟೀ ಕೊಟ್ಟ. ಕುಡಿದು ಬಂದೆ.

ಮನೆಯಲ್ಲಿ ನನ್ನ ಪಾರ್ಟಿ ಅತ್ತೆಯೊಬ್ಬರೇ. ಅವರು ಬಾಯಿ ಬಿಟ್ಟು ಏನೂ ಹೇಳಿದವರಲ್ಲ. ಆದರೆ ದಿನಾ ಸಂಜೆ ಐದು ಮುದ್ದೆ ಕಟ್ಟುತ್ತಿದ್ದರು. ಮನೆಯಲ್ಲಿ ಉಣ್ಣುವವರು ನಾವು ನಾಲ್ವರು. ಐದನೆಯದನ್ನು ಪುಟ್ಟ ತಟ್ಟೆಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಹಸುವಿಗೆ ಹಾಕುತ್ತಿದ್ದರು. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಲಿಲ್ಲ. ಆ ಮುಚ್ಚಿದ ತಟ್ಟೆಯನ್ನು ನೋಡಿಕೊಂಡೇ ನಾನು ಮಲಗುತ್ತಿದ್ದೆ. ಹೆತ್ತವಳೇ ಕಾಯುತ್ತಿರುವಾಗ ನನ್ನದೇನು ಎಂದು ಧೈರ್ಯ ಬರುತ್ತಿತ್ತು.

ಮೊದಲ ಎರಡು ಮಾರ್ಲಮಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಹೋದ ವರ್ಷ ಮಾವ ಎಲೆ ಕೊಯ್ಯುವಾಗ, 'ಐದು ಕುಯ್ಯನೇನವ್ವ?' ಎಂದರು. ನಾನು ಏನಂದೆನೆಂದು ಈಗ ಇಲ್ಲಿ ಬರೆಯುವುದಿಲ್ಲ, ಬರೆಯುವಂಥ ಮಾತೂ ಅಲ್ಲ. ಬಾಡಿ ಸಿಗದವನನ್ನು ಸತ್ತ ಎನ್ನಲು ಸರ್ಕಾರವೇ ಏಳು ವರ್ಷ ಕಾಯುತ್ತದಂತೆ, ಹೆತ್ತ ಅಪ್ಪನಿಗೆ ಎರಡು ವರ್ಷಕ್ಕೇ ಅವಸರವೇ? ಮಾವ ನಾಲ್ಕೇ ಎಲೆ ಕೊಯ್ದರು.

ಈ ವರ್ಷ ಮಾವ ಕೇಳಲೇ ಇಲ್ಲ. ನಾನೂ ನಿಶ್ಚಿಂತೆಯಿಂದ ಬೆಳಗ್ಗಿನಿಂದ ಅತ್ತೆಯ ಜೊತೆ ಅಡುಗೆಗೆ ನಿಂತೆ. ಕೈಮಾ ಉಂಡೆ ಕಟ್ಟಿದ್ದು ನಾನೇ. ಅತ್ತೆ ಕಜ್ಜಾಯ ಸುಟ್ಟರು. ಸಂಜೆ ಎಡೆ ಇಡುವ ಹೊತ್ತಿಗೆ ಯಾರೋ ಹುಟ್ಟುಹಬ್ಬದ ಕೇಕಿಗೆ ಬಂದರೆಂದು ಬೇಕರಿಗೆ ಹೋದೆ. ಕೇಕಿನ ಮೇಲೆ 'ನಾಗಾರ್ಜುನ' ಎಂದು ಬರೆಯಬೇಕಿತ್ತು, ಹೆಸರು ಉದ್ದ, ಕೇಕು ಅರ್ಧ ಕೆಜಿ. ಬರೆದು ಮುಗಿಸಿ ಬರುವಷ್ಟರಲ್ಲಿ ಮಾವ ಬಾಗಿಲು ಮುಚ್ಚಿ ಜಗುಲಿಯಲ್ಲಿ ಕುಳಿತಿದ್ದರು. ಅತ್ತೆ ಕಂಬಕ್ಕೆ ಒರಗಿದ್ದರು. ನಾನೂ ಕುಳಿತೆ. ಕಾಲು ಗಂಟೆಯಾಯಿತು, ಮಾವ ಕೆಮ್ಮಲಿಲ್ಲ. ಅರ್ಧ ಗಂಟೆಯಾಯಿತು.

'ಕೆಮ್ಮಿ ಮಾವ, ಹಿರಿಯರಿಗೆ ಅಜೀರ್ಣ ಆದೀತು' ಎಂದು ತಮಾಷೆ ಮಾಡಿದೆ. ಮಾವ ನಗಲಿಲ್ಲ. ಕೆಮ್ಮಿ ಬಾಗಿಲು ತೆಗೆದರು.

ಐದು ಎಲೆ ಇತ್ತು.

ಐದನೆಯದರ ಮೇಲೆ ಕೈಮಾ ಉಂಡೆ ಎಂಟು. ಮಧ್ಯದಲ್ಲಿ ಮುದ್ದೆ, ಅದರ ಪಕ್ಕ ಪಲ್ಯ, ಒಡೆ, ಕಜ್ಜಾಯದ ರಾಶಿ. ಎಲೆಯ ಬದಿಗೆ ಪ್ಯಾಕೆಟ್ಟಿನಲ್ಲಿ ಮಡಿಸಿಟ್ಟ ನೀಲಿ ಚೌಕಳಿ ಶರ್ಟು, ನಲವತ್ತನೇ ಸೈಜು. ಚೌಕಳಿ ಶರ್ಟು ಬಿಟ್ಟರೆ ಬೇರೆ ಹಾಕದವನು ಈ ಮನೆಯಲ್ಲಿ ಒಬ್ಬನೇ.

ನಾನು ಕೂಗಿದ್ದು ಸರ್ಕಲ್ಲಿನ ತನಕ ಕೇಳಿತಂತೆ. 'ಯಾರನ್ನು ಕೇಳಿ ಇಟ್ಟಿರಿ? ನಿಮ್ಮ ಕೈ ಹೇಗೆ ಬಂತು? ಹೆತ್ತ ಮಗನನ್ನು ಬದುಕಿದ್ದ ಹಾಗೇ ಕೊಂದಿರಲ್ಲ, ನಿಮ್ಮ ಹೊಟ್ಟೆ ತಣ್ಣಗಾಯಿತೇ?' ಇನ್ನೂ ಏನೇನೋ. ದಿವ್ಯ ಅಳುತ್ತಾ ಅಜ್ಜಿಯ ಸೆರಗಿನ ಹಿಂದೆ ಹೋದಳು. ಮಾವ ತಲೆ ಬಗ್ಗಿಸಿಕೊಂಡು ನಿಂತಿದ್ದರು, ಒಂದು ಮಾತು ತಿರುಗಿ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ನಾನು ಅಡುಗೆಮನೆಯಿಂದ ದೊಡ್ಡ ಸ್ಟೀಲ್ ಡಬ್ಬಿ ತಂದು ಆ ಎಲೆಯ ಊಟವನ್ನೆಲ್ಲ ಅದಕ್ಕೆ ತುಂಬಿ ಮುಚ್ಚಳ ಒತ್ತಿದೆ. 'ಇದು ಎಡೆಯಲ್ಲ. ಇದು ನನ್ನ ಗಂಡನ ಊಟ. ಅವನು ಬಂದಾಗ ತಿಂತಾನೆ' ಎಂದು ಹೇಳಿ ಫ್ರಿಜ್ಜಿನಲ್ಲಿಟ್ಟೆ. ಆ ರಾತ್ರಿ ಸುಬ್ಬಿಯ ಎಲೆಯನ್ನು ದಿವ್ಯ ಮುಗಿಸಿದಳು, ಉಳಿದ ಮೂರು ಎಲೆಯಲ್ಲಿದ್ದದ್ದನ್ನು ಅವರು ಅಷ್ಟಿಷ್ಟು ಉಂಡರು. ನಾನು ಉಣ್ಣಲಿಲ್ಲ.

ಬೆಳಿಗ್ಗೆ ನಾನು ಬೇಕರಿಗೆ ಹೊರಡುವಾಗ ಮಾವ ಬಾಗಿಲ ಬಳಿ ನಿಂತಿದ್ದರು. ರಾತ್ರಿಯೆಲ್ಲ ನಿದ್ದೆ ಮಾಡದ ಮುಖ.

'ಅದು ಮನೇಲಿ ಹಂಗೇ ಇರಬಾರದು ಕಣವ್ವ. ನಾವು ಮುಟ್ಟಂಗಿಲ್ಲ. ನೀನೂ ದಿವ್ಯನೂ ತಿನ್ನಬೇಕು' ಎಂದರು.

'ತಿನ್ನಲ್ಲ.'

'ಹಂಗಾದ್ರೆ ಹೊಳೆಗೆ ಬಿಟ್ಟು ಬತ್ತೀನಿ, ಕೊಡು.'

ಹೊಳೆಗೆ!   'ಇನ್ನೂ ಎಷ್ಟು ಕೊಡಬೇಕು ಮಾವ ಆ ಹೊಳೆಗೆ?' ಎಂದಷ್ಟೇ ಕೇಳಿದೆ. ಮಾವ ಟವೆಲಿನಿಂದ ಮುಖ ಮುಚ್ಚಿಕೊಂಡು ಕೊಟ್ಟಿಗೆಯ ಕಡೆ ಹೋದರು.

ಬೇಕರಿಯಲ್ಲಿ ಕುಳಿತು ಯೋಚನೆ ಮಾಡಿದೆ. ಎಸೆಯುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ಹೊಳೆಗೆ ನಾನು ಬಿಡುವುದಿಲ್ಲ. ನಾನು ತಿಂದರೆ ಅವನು ಸತ್ತದ್ದನ್ನು ಒಪ್ಪಿಕೊಂಡ ಹಾಗೆ. ಹಾಗೇ ಇಟ್ಟರೆ ಎರಡು ದಿನಕ್ಕೆ ಹಳಸುತ್ತದೆ. ಆಗ ನನಗೊಂದು ಉಪಾಯ ಹೊಳೆಯಿತು. ಮನೆಯಲ್ಲಿ ಪಾತ್ರೆಗಳ ತಳದಲ್ಲಿ ಉಳಿದ ಅಡುಗೆಯಿದೆ, ಹಿರಿಯರ ಎಲೆಗಳದ್ದೂ ಒಂದಷ್ಟು ಉಳಿದಿದೆ. ಅದರ ಜೊತೆ ಈ ಡಬ್ಬಿಯದನ್ನೂ ಸುರಿದು, ಒಟ್ಟಿಗೆ ಕಲೆಸಿ, ಬನ್ನಿನೊಳಗೆ ತುಂಬಿ ಬಾಯಿ ಮುಚ್ಚಿಬಿಟ್ಟರೆ? ಯಾವುದು ಯಾರ ಎಲೆಯದೆಂದು ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ಮಾವನ ಮುಂದೆಯೂ ಅತ್ತೆಯ ಮುಂದೆಯೂ ಇಡುತ್ತೇನೆ. ಅತ್ತೆ ತಿನ್ನುತ್ತಾರೆ, ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹೆತ್ತ ತಾಯಿ ತಿಂದಳು ಎಂದರೆ ಅದು ಮಗನ ಎಡೆಯಾಗಿರಲು ಸಾಧ್ಯವಿಲ್ಲ. ಅಲ್ಲಿಗೆ ಐದನೆಯ ಎಲೆ ಹಾಕಿಯೇ ಇಲ್ಲ ಎಂದಾಗುತ್ತದೆ, ಮಾವನ ಬಾಯಿಯೂ ಮುಚ್ಚುತ್ತದೆ.

ಮನೆಗೆ ಹೋಗಿ ಎಲ್ಲವನ್ನೂ ಬಾಚಿ ತಂದು, ಅರ್ಧ ಶಟರ್ ಎಳೆದೆ. ಎಳೆದ ಮೇಲೆಯೇ ನೆನಪಾದದ್ದು, ಇದನ್ನು ಅವನೂ ಹೀಗೇ ಎಳೆಯುತ್ತಿದ್ದ.

ಮೂರು ವರ್ಷದಲ್ಲಿ ಬ್ರೆಡ್ಡು, ರಸ್ಕು, ದಿಲ್‌ಪಸಂದು ಎಲ್ಲ ನನ್ನ ಕೈಗೆ ಬಂದಿದೆ. ಆ ಬನ್ನು ಮಾತ್ರ ಬಂದಿರಲಿಲ್ಲ. ಅವನು ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಬೆಳಿಗ್ಗೆಯ ಮೈದಾ ಹಿಟ್ಟು ಉಬ್ಬಿ ಕುಳಿತಿತ್ತು. ಕೈಮಾ ಉಂಡೆ ಪುಡಿ ಮಾಡಿ, ಸಾರು ಸೇರಿಸಿ, ಪಲ್ಯ ಹಾಕಿ ಬಾಣಲೆಯಲ್ಲಿ ಕೆದಕಿ, ಹಿಟ್ಟಿನ ಉಂಡೆ ತಟ್ಟಿ ಒಳಗೆ ತುಂಬಿ ಓವನ್ನಿಗೆ ಹಾಕಿದೆ. ಹತ್ತು ನಿಮಿಷಕ್ಕೆ ಬನ್ನುಗಳ ಹೊಟ್ಟೆ ಒಡೆದು ಸಾರು ಟ್ರೇ ತುಂಬ ಹರಿದು ಕರಟಿತು. ತಳ ಹಸಿ, ಮೇಲೆ ಕಪ್ಪು. ನಾಲ್ಕು ಬನ್ನು ಹಾಳಾಯಿತು. ಪುಣ್ಯಕ್ಕೆ ಅದಕ್ಕೆ ಹಾಕಿದ್ದು ಪಾತ್ರೆಯ ತಳದ್ದು, ಡಬ್ಬಿಯನ್ನು ಇನ್ನೂ ತೆರೆದಿರಲಿಲ್ಲ. ನಾನು ಟ್ರೇಯನ್ನು ನೆಲಕ್ಕೆ ಕುಕ್ಕಿ, ದೀಪಕನನ್ನು ಬಾಯಿಗೆ ಬಂದ ಹಾಗೆ ಬೈದೆ.

ಶಟರಿನ ಕೆಳಗಿಂದ ದಿವ್ಯ ನುಸುಳಿ ಬಂದಳು. ಅವಳಿಗೆ ಈಗ ಹನ್ನೆರಡು. ಟ್ರೇ ನೋಡಿದಳು, ನನ್ನ ಮುಖ ನೋಡಿದಳು.

'ಒಡೆ ಹಾಕಿಲ್ವಾ?' ಎಂದಳು.

'ಏನು?'

'ಅಪ್ಪ ಒಡೆ ಪುಡಿ ಮಾಡಿ ಹಾಕ್ತಿದ್ರು. ಸಾರೆಲ್ಲ ಅದು ಕುಡ್ಕೊಳ್ಳುತ್ತೆ ಅಂತ. ಆಮೇಲೆ ಒಂದು ಕಜ್ಜಾಯನೂ ಮುರಿದು ಹಾಕ್ತಿದ್ರು. ನಿಂಗೆ ಹೇಳ್ಬೇಡ ಅಂದಿದ್ರು.'

'ಯಾಕಂತೆ?'

'ಕಂಡುಹಿಡೀಲಿ ನೋಡೋಣ ಅಂತ.'

ನೋಡಿ, ಎಂಥ ಮನುಷ್ಯ! ಎಂಟು ವರ್ಷದ ಮಗುವಿಗೆ ಗೊತ್ತು, ಹೆಂಡತಿಗೆ ಗೊತ್ತಿಲ್ಲ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಬಾಣಲೆಯ ಮೇಲೆ ಬಗ್ಗಿ ಅತ್ತುಬಿಟ್ಟೆ. ದಿವ್ಯ ನನ್ನ ಬೆನ್ನು ಸವರುತ್ತಾ ನಿಂತಿದ್ದಳು, ಅವಳು ಅಳಲಿಲ್ಲ.

ಎರಡನೆಯ ಸಲ ಡಬ್ಬಿ ತೆರೆದೆ. ಎಂಟು ಉಂಡೆ, ಒಡೆ, ಪಲ್ಯ ಎಲ್ಲ ಸುರಿದು ಉಳಿದದ್ದರ ಜೊತೆ ಚೆನ್ನಾಗಿ ಬೆರೆಸಿದೆ. ಮುದ್ದೆಯನ್ನೂ ಬಿಡದೆ ಸಣ್ಣಗೆ ಮುರಿದು ಹಾಕಿದೆ. ಕಜ್ಜಾಯಗಳನ್ನು ದಿವ್ಯ ಪುಡಿ ಮಾಡಿದಳು. ಒಂದೊಂದು ಬನ್ನಿನ ಬಾಯಿಯನ್ನೂ ಎರಡೆರಡು ಸಲ ಒತ್ತಿ ಮುಚ್ಚಿ, ಹಾಲು ಸವರಿ, ಎಳ್ಳು ಉದುರಿಸಿದೆ. ಓವನ್ನಿನಿಂದ ತೆಗೆದಾಗ ಹನ್ನೆರಡಕ್ಕೆ ಹನ್ನೆರಡೂ ಉಬ್ಬಿ ಕೆಂಪಗೆ ಬಂದಿದ್ದವು. ವಾಸನೆ ರಸ್ತೆಗೆ ಹೋಗಿರಬೇಕು. ಶಟರಿನ ಹತ್ತಿರ ಪ್ರೇಮಾವತಿ ಟೀಚರ್ ಬಂದು ನಿಂತರು. ಬಗ್ಗಿ ಒಳಗೆ ನೋಡಿದವರ ಮುಖ ಒಮ್ಮೆಗೇ ಅರಳಿತು.

'ದೀಪಕ ಬಂದನೇನೇ?' ಎಂದರು.

ಅವರು ಬೇಕೆಂದು ಕೇಳಿದ್ದಲ್ಲ. ಆ ವಾಸನೆಗೆ ಇನ್ನೇನು ಕೇಳುತ್ತಾರೆ? 'ಇಲ್ಲ ಟೀಚರ್, ನಾನೇ ಮಾಡಿದ್ದು' ಎಂದೆ. ಅವರು ನಾಲಿಗೆ ಕಚ್ಚಿಕೊಂಡು, ಬ್ರೆಡ್ಡು ಸಂಜೆ ತಗೊಳ್ತೀನಿ ಎಂದು ಹೋದರು. ಈ ಸಲ ಅವರು ಬನ್ನು ಕೇಳಲಿಲ್ಲ.

ಮೂರು ಗಂಟೆಗೆ ಟ್ರೇ ಹೊತ್ತು ಮನೆಗೆ ಹೋದೆ. ಮಾವ ಜಗುಲಿಯಲ್ಲಿದ್ದರು, ಅತ್ತೆ ಟೀ ಸೋಸುತ್ತಿದ್ದರು. ನಾಲ್ಕು ತಟ್ಟೆಯಲ್ಲಿ ಒಂದೊಂದು ಬನ್ನು ಇಟ್ಟು ಎಲ್ಲರ ಮುಂದೆ ಸರಿಸಿದೆ. ಮುಚ್ಚುಮರೆ ಮಾಡಲಿಲ್ಲ, ಅದು ನನ್ನ ಸ್ವಭಾವವೂ ಅಲ್ಲ.

'ಹಿರಿಯರ ಎಲೆಯದೂ ಇದರಲ್ಲಿದೆ. ಡಬ್ಬಿಯದೂ ಇದೆ' ಎಂದೆ. 'ಅವನು ಬದುಕಿದ್ದಾನೆ ಅನ್ನೋರು ತಿನ್ನಿ.'

ಮಾವ ತಟ್ಟೆ ನೋಡಿದರು. ಎರಡು ಬೆರಳಿನಿಂದ ಅದನ್ನು ಸದ್ದಾಗದ ಹಾಗೆ ದೂರ ಸರಿಸಿದರು. ಇದು ನನಗೆ ಗೊತ್ತಿದ್ದದ್ದೇ. ನಾನು ಅತ್ತೆಯ ಕಡೆ ತಿರುಗಿದೆ.

ಅತ್ತೆ ಬನ್ನನ್ನು ಕೈಗೆ ತೆಗೆದುಕೊಂಡರು. ಬಿಸಿ ಇನ್ನೂ ಇತ್ತು. ಎರಡು ಭಾಗ ಮಾಡಿದರು, ಒಳಗಿನಿಂದ ಹಬೆ ಬಂತು. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ತಿನ್ನಿ ಅತ್ತೆ, ತಿನ್ನಿ ಎಂದು ನನ್ನೊಳಗೇ ಅಂದುಕೊಳ್ಳುತ್ತಿದ್ದೆ. ಒಂದು ತುತ್ತು ಸಾಕಿತ್ತು ನನಗೆ. ಅವರ ಕೈ ತುಟಿಯ ತನಕ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಕೆಳಗಿಳಿಯಿತು. ಆ ಅರ್ಧ ಬನ್ನನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

'ನಾನು ತಿನ್ನಂಗಿಲ್ಲ ಕಣವ್ವ' ಎಂದರು. 'ಹೆತ್ತೋಳು ನಾನು.'

'ಅತ್ತೆ, ನೀವೂನಾ?'

'ನಿಮ್ಮ ಮಾವನ್ನ ಬೈಬೇಡ. ಎಡೆ ಇಡಿ ಅಂದೋಳು ನಾನು. ಕುಶಾಲನಗರಕ್ಕೆ ಹೋಗಿ ಆ ಶರ್ಟು ತಂದೋಳೂ ನಾನೇಯ.'

ಅರ್ಧ ಬನ್ನು ಕೈಯಲ್ಲಿ ಹಿಡಿದೇ ಕೇಳಿದೆ. 'ಮತ್ತೆ ಐದು ಮುದ್ದೆ? ದಿನಾ ಕಟ್ಟಿ ಮುಚ್ಚಿಡ್ತಿದ್ದಿರಲ್ಲ, ಅದು?'

'ಅದು ನಿನಗೋಸ್ಕರ' ಎಂದರು ಅತ್ತೆ. 'ನೀನು ನೋಡ್ತಿದ್ದೆಯಲ್ಲ. ಅದನ್ನ ನೋಡದಿದ್ರೆ ನೀನು ಉಣ್ತಾನೇ ಇರಲಿಲ್ಲ.'

ದಿವ್ಯ ಟೀ ಲೋಟ ಹಿಡಿದುಕೊಂಡು ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು. ಅತ್ತೆಯ ಧ್ವನಿ ತುಂಬ ಸಣ್ಣದಾಗಿತ್ತು, ಆದರೂ ಒಡೆಯಲಿಲ್ಲ.

'ಮೂರು ಮಾರ್ಲಮಿ ಆಯ್ತು ಮಗಾ. ನಮ್ಮತ್ತೆ ಬಂದು ಉಂಡ್ರು, ಮಾವ ಉಂಡ್ರು, ಆ ಸುಬ್ಬಿ ಕೂಸೂ ಬಂದು ಉಂಡ್ಕೊಂಡು ಹೋಯ್ತು. ನನ್ನ ಮಗ ಒಬ್ಬ ಹೊರಗೆ ನಿಂತವನೆ. ಹಸ್ಕೊಂಡು ನಿಂತವನೆ. ಸತ್ತವನೆ ಅಂತ ಒಪ್ಪಿಕೊಂಡ್ರೆ ಉಣ್ಣಕ್ಕಾದ್ರೂ ಕರೀಬೋದಲ್ಲ ಅನ್ನಿಸ್ತು. ನಿನ್ನೆ ಕರೆದ್ವಿ. ನಿಮ್ಮ ಮಾವ ಅರ್ಧ ಗಂಟೆ ಕೆಮ್ಮದೆ ಕಾದ್ರು.'

'ಬಂದಿರ್ತಾನೆ ಬಿಡಿ' ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಸತ್ತವರ ಬಗ್ಗೆ ಹೇಳುವ ಮಾತು ಅದು.

ಅತ್ತೆ ತಲೆಯಾಡಿಸಿದರು. 'ಬಂದಿರಲ್ಲ. ಆವತ್ತು ನೀನು ಅಂದಿದ್ದು ನಂಗೂ ಕೇಳಿಸಿತ್ತು ಕಣೆ ವೀಣಾ. ನೀನು ಬರಬೇಡ ಅಂದಿದ್ದಿ, ಅವನು ಬರಲ್ಲ ಅಂದಿದ್ದ. ನಾವಿಬ್ರು ಎಷ್ಟು ಕರೆದ್ರೂ ಅವನು ಹೊಸಿಲು ದಾಟಲ್ಲ. ನೀನು ಕರಿ.'

ಮೂರು ವರ್ಷ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಪೊಲೀಸಿನವರಿಗೂ ಹೇಳಿರಲಿಲ್ಲ. ನನಗೊಬ್ಬಳಿಗೇ ಗೊತ್ತಿದೆ ಎಂದು ಒಳಗೇ ಮುಚ್ಚಿಟ್ಟುಕೊಂಡಿದ್ದೆ. ಅತ್ತೆಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೂ ನನಗೆ ತಲೆ ಬಾಚಿದರು, ಜ್ವರ ಬಂದಾಗ ಗಂಜಿ ಕುಡಿಸಿದರು, ದಿನಾ ಐದು ಮುದ್ದೆ ಕಟ್ಟಿದರು. ಒಂದು ದಿನವಾದರೂ 'ನಿನ್ನ ಬಾಯಿಗೆ ಬೆಂಕಿ ಹಾಕ' ಎನ್ನಬಹುದಿತ್ತು. ಅನ್ನಲಿಲ್ಲ.

ನಾನು ಎದ್ದು ಒಳಗೆ ಹೋದೆ. ನಿನ್ನೆ ಎಲೆ ಹಾಕಿದ್ದ ಜಾಗದಲ್ಲಿ ಧೂಪದ ಬೂದಿ ಇನ್ನೂ ಇತ್ತು. ಶರ್ಟು ನಿನ್ನೆ ಕೋಪದಲ್ಲಿ ನಾನು ಎಸೆದ ಕಡೆ, ಮೂಲೆಯಲ್ಲಿ ಬಿದ್ದಿತ್ತು. ಎತ್ತಿ ಪ್ಯಾಕೆಟ್ಟಿನ ಧೂಳು ಒರೆಸಿ, ನೆಲದ ಮೇಲೆ ಇಟ್ಟೆ. ಅದರ ಎದುರು ಆ ಅರ್ಧ ಬನ್ನು. ಒಬ್ಬರು ಕಿತ್ತಿಟ್ಟದ್ದನ್ನು, ಅದೂ ತಂಗಳನ್ನು, ಎಡೆಗೆ ಇಡಬಾರದು. ಆದರೆ ಅವನಿಗೆ ಇಷ್ಟವಾದದ್ದು ತಂಗಳಿನಿಂದಲೇ ಆಗುವಂಥದ್ದು, ಹಬ್ಬದ ದಿನ ಅದು ಇರುವುದೇ ಇಲ್ಲ. ಎಲ್ಲರೂ ಉಂಡು ಹೋದ ಮಾರನೆಯ ದಿನವೇ ಅವನನ್ನು ಕರೆಯಬೇಕು.

ಬಾಯಿ ತೆರೆದೆ. ಊರನ್ನೆಲ್ಲ ಬೈಯುವ ಬಾಯಿ, ಎರಡಕ್ಷರದ ಮಾತಿಗೆ ಕಟ್ಟಿಕೊಂಡಿತು. 

'ಬಾರೋ' ಎಂದೆ. 'ಬರಬೇಡ ಅಂದಿದ್ದು ಕೋಪಕ್ಕೆ ಕಣೋ. ಬಾ, ಉಂಡು ಹೋಗು.'

ಹೊರಗೆ ಬಂದು ಬಾಗಿಲು ಮುಚ್ಚಿ, ಜಗುಲಿಯಲ್ಲಿ ಅತ್ತೆಯ ಪಕ್ಕ ಕುಳಿತೆ.  ಕುಶಾಲನಗರದ ಬಸ್ಸು ಬಂದು ನಿಂತು ಹೋಯಿತು. ಟೀ ಆರಿ ಮೇಲೆ ಕೆನೆ ಕಟ್ಟಿತು. ಎಷ್ಟು ಹೊತ್ತು ಎಂದು ನಾನು ನೋಡಲಿಲ್ಲ. ಕೊನೆಗೆ ಮಾವ ನನ್ನ ಕಡೆ ನೋಡಿ, ನಾನು ತಲೆಯಾಡಿಸಿದ ಮೇಲೆ, ಕೆಮ್ಮಿದರು.

ಬನ್ನು ಇಟ್ಟಲ್ಲೇ ಇತ್ತು. ಕೂತು ತಿಂದೆ. ಅತ್ತೆಯ ತಟ್ಟೆಯಲ್ಲಿದ್ದ ಇನ್ನರ್ಧವನ್ನು ದಿವ್ಯ ತಿಂದಳು. 'ಅಪ್ಪ ಮಾಡ್ತಿದ್ದ ಹಂಗೇ ಇದೆ' ಎಂದಳು. ಹೌದು, ಹಾಗೇ ಇತ್ತು. ಖಾರದ ಹಿಂದೆ ಕಜ್ಜಾಯದ ಬೆಲ್ಲ ಸಣ್ಣಗೆ ನಾಲಿಗೆಗೆ ಬಂತು. ಇಷ್ಟು ವರ್ಷ ತಿಂದಿದ್ದೇನೆ, ಅದು ಕಜ್ಜಾಯವೆಂದು ಒಮ್ಮೆಯೂ ಕಂಡುಹಿಡಿದಿರಲಿಲ್ಲ. ಅವನಿಗೆ ಹೇಳಿ ಜಗಳವಾಡಬೇಕಿತ್ತು.

ಆ ಸಂಜೆ ನಾನು ಒಲೆಯ ಬಳಿ ಮಣೆ ಹಾಕಿಕೊಂಡು ಕುಳಿತಿದ್ದೆ. ಅತ್ತೆ ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟತೊಡಗಿದರು. ನಾನು ಎಣಿಸುತ್ತಿದ್ದೆ, ಅವರಿಗೂ ಗೊತ್ತಿತ್ತು. ನಾಲ್ಕು ಕಟ್ಟಿ, ಪಾತ್ರೆಗೆ ನೀರು ಹಾಕಿದರು.